ಓರೆಯಾಗಿ ದಾಟಿದ ಲಾರಿ

ಮಾರ್ಚ್ ಹತ್ತು, ಭಾನುವಾರ ಮಧ್ಯಾಹ್ನ. ಮಾರ್ಲನ್ ಫೋರ್ಟುಯಿನ್ ಠಾಣೆಗೆ ಬಂದಾಗ ಚರ್ಚಿಗೆಂದು ತೊಟ್ಟ ಕೋಟನ್ನು ಇನ್ನೂ ತೆಗೆದಿರಲಿಲ್ಲ. ಮನೆಯವರೆಲ್ಲ ಪ್ರಾರ್ಥನೆಗೆ ಹೋಗಿದ್ದ ಹೊತ್ತಿನಲ್ಲಿ ಯಾರೋ ಶೆಡ್ಡಿನ ಬೀಗ ಮುರಿದು ಅವನ ಕಾರು ಒಯ್ದಿದ್ದರು.

ಕಾರು ಎಂದರೆ ಬರೀ ಕಾರಲ್ಲ. ತೊಂಬತ್ತರ ದಶಕದ ಸ್ಪೋರ್ಟ್ಸ್ ಸೆಡಾನ್. ಅದರ ಹೊಟ್ಟೆಯ ಕೆಳಗೆ ಸಿಗರೇಟು ಪ್ಯಾಕೆಟ್ ನಿಲ್ಲಿಸಲೂ ಜಾಗವಿಲ್ಲದಷ್ಟು ತಗ್ಗಿಸಿದ್ದ. ಮಿಚೆಲ್ಸ್ ಪ್ಲೇನ್ ಬಡಾವಣೆಯಲ್ಲಿ ಅದನ್ನು ಗುರುತಿಸದ ಮಗುವಿಲ್ಲ. ಅದರ ಚಕ್ರ ಒರೆಸಿದಷ್ಟು ಪ್ರೀತಿಯಿಂದ ಮಾರ್ಲನ್ ಹೆತ್ತ ಮಕ್ಕಳ ಮೂಗು ಒರೆಸಿದ್ದನ್ನು ಯಾರೂ ಕಂಡಿಲ್ಲ.

ಕ್ಯಾಪ್ಟನ್ ಮರ್ಸಿಯಾ ಸ್ವಾರ್ಟ್‌ಬೋಯಿ ತಾನೇ ಎಫ್‌ಐಆರ್ ಬರೆದುಕೊಂಡಳು.

“ಯಾರ ಮೇಲಾದ್ರೂ ಅನುಮಾನ?”

“ಇದ್ದಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ ಕ್ಯಾಪ್ಟನ್? ನೆಟ್ಟಗೆ ಅವನ ಮನೆಗೇ ಹೋಗ್ತಿದ್ದೆ.”

“ಹೋಗಿ?”

“ನನ್ ಕಾರು ಮುಟ್ಟಿದ ಕೈ ಮುರೀತಿದ್ದೆ. ನೀವು ಮೊದ್ಲು ಹಿಡಿದ್ರೆ ಅವನ ಪುಣ್ಯ. ನಾನು ಹಿಡಿದ್ರೆ ಆಂಬುಲೆನ್ಸ್ ಕಳಿಸಿ.”

ಇದು ಬಾಯಿಮಾತಲ್ಲ ಎಂದು ಮರ್ಸಿಯಾಗೆ ಗೊತ್ತಿತ್ತು. ತಗ್ಗಿಸಿದ ಕಾರುಗಳ ಹುಚ್ಚು ಹಿಡಿದ ಹುಡುಗರಿಗೆಲ್ಲ ಮಾರ್ಲನ್ ಗುರು. ಅವರ ಕಾರುಗಳನ್ನು ಅದೇ ಶೆಡ್ಡಿನಲ್ಲಿ ಅವನೇ ತಗ್ಗಿಸಿಕೊಟ್ಟಿದ್ದ. ಅವನು ಹೊಡಿ ಎಂದರೆ ಯಾಕೆ ಎಂದು ಕೇಳುವವರು ಆ ಗುಂಪಿನಲ್ಲಿರಲಿಲ್ಲ.

ಸೋಮವಾರ ಬೆಳಿಗ್ಗೆ ಕಾರು ಸಮುದ್ರದ ಕಡೆಯ ಮರಳ ದಿಬ್ಬಗಳ ನಡುವೆ ಸಿಕ್ಕಿತು, ಸುಟ್ಟು ಕರಕಲಾಗಿ. ಪಂಚನಾಮೆ ನಡೆಸುವಾಗ ಕಾನ್‌ಸ್ಟೇಬಲ್ ಲುಯಾಂಡಾ ನಾಲ್ಕು ಕಡೆ ಬಗ್ಗಿ ನೋಡಿ ತಲೆ ಕೆರೆದುಕೊಂಡ. ಬಿಚ್ಚಿದ ಚಕ್ರಗಳನ್ನು ಸ್ವಲ್ಪ ದೂರದಲ್ಲಿ ಒಂದರ ಮೇಲೊಂದು ಜೋಡಿಸಿಡಲಾಗಿತ್ತು. ಅವಕ್ಕೆ ಕರಿಯೂ ತಾಗಿರಲಿಲ್ಲ. ಚಕ್ರಗಳ ಮೇಲೆ ಕಾರಿನ ಭಾರ ಹೊರುವ ನಾಲ್ಕು ಸ್ಪ್ರಿಂಗ್ ಮಾತ್ರ ಇರಲಿಲ್ಲ.

“ಚಿನ್ನದಂಥ ಚಕ್ರ ಬಿಟ್ಟು ಸ್ಪ್ರಿಂಗ್ ಕದ್ದಿದ್ದಾನಲ್ಲ ಮೇಡಂ. ತಲೆ ಕೆಟ್ಟಿದ್ಯಾ ಇವನಿಗೆ?”

“ಕೆಟ್ಟಿಲ್ಲ. ಅವನಿಗೆ ಬೇಕಾಗಿದ್ದೇ ಅದು,” ಎಂದಳು ಮರ್ಸಿಯಾ. ಯಾಕೆ ಬೇಕಾಗಿತ್ತು ಎಂಬುದು ಅವಳಿಗೂ ತಿಳಿದಿರಲಿಲ್ಲ.

ಭಾನುವಾರ ಬೀದಿಯಲ್ಲಿ ಒಂದು ಬಿಳಿ ಟೋಯಿಂಗ್ ಲಾರಿ ಕಂಡಿದ್ದಾಗಿ ಪಕ್ಕದ ಮನೆಯ ಆಂಟಿ ಪೊಲೀಸರಿಗೆ ಹೇಳಿದಳು. ಪೊಲೀಸರಿಗಿಂತ ಮೊದಲೇ ಮಾರ್ಲನ್‌ಗೂ ಹೇಳಿದ್ದಳು. ಮಂಗಳವಾರ ಸಂಜೆಯೊಳಗೆ ಟೋಯಿಂಗ್ ಲಾರಿ ಓಡಿಸುವ ಒಬ್ಬ ಬಡಪಾಯಿ ಎರಡು ಬೆರಳು ಮುರಿಸಿಕೊಂಡು ಆಸ್ಪತ್ರೆ ಸೇರಿದ. ಭಾನುವಾರ ಆತ ಊರಿನಲ್ಲೇ ಇರಲಿಲ್ಲ.

“ಯಾರಪ್ಪ ಹೊಡೆದಿದ್ದು?” ಮರ್ಸಿಯಾ ಅವನ ಹಾಸಿಗೆಯ ಪಕ್ಕ ಕೂತು ಕೇಳಿದಳು.

“ಬಾಗಿಲಿಗೆ ಸಿಕ್ತು ಮೇಡಂ.”

“ಬಾಗಿಲು ಎಷ್ಟು ಜನ ಬಂದಿದ್ರು?”

ಅವನು ಗೋಡೆ ಕಡೆ ತಿರುಗಿ ಮಲಗಿದ. ಮರ್ಸಿಯಾ ಎದ್ದು ಜೀಪಿನ ಕಡೆ ನಡೆದಳು. ಇನ್ನೊಬ್ಬ ಸಿಕ್ಕರೆ ಬೆರಳಿಗೆ ನಿಲ್ಲುವುದಿಲ್ಲ. ಅಷ್ಟರೊಳಗೆ ನಿಜವಾದವನನ್ನು ಹಿಡಿಯಬೇಕಿತ್ತು.

ಬೀದಿ ಮೂಲೆಯ ಬೇಕರಿಯ ಕ್ಯಾಮೆರಾದಲ್ಲಿ ಲಾರಿ ಎರಡು ಸಲ ಸೆರೆಯಾಗಿತ್ತು. ನಂಬರಿಗೆ ಕೆಸರು ಮೆತ್ತಿತ್ತು, ಚಾಲಕನ ಮುಖ ಟೋಪಿಯ ಕೆಳಗೆ. ಹೋಗುವಾಗ ಖಾಲಿ, ಬರುವಾಗ ಟಾರ್ಪಾಲು ಹೊದಿಸಿದ ಕಾರು. ನೋಡಿದ್ದನ್ನೇ ನೋಡುತ್ತಿದ್ದ ಮರ್ಸಿಯಾ ಥಟ್ಟನೆ ಲುಯಾಂಡಾನ ತೋಳು ಹಿಡಿದಳು.

“ಹಂಪ್ಸ್ ಹತ್ರ ನೋಡು. ಹೆಂಗೆ ದಾಟ್ತಾನೆ?”

“ಓರೆಯಾಗಿ. ಕುಡಿದಿರ್ಬೇಕು.”

“ಕುಡಿದೋನು ಇಷ್ಟು ನಾಜೂಕಾಗಿ ಒಂದೊಂದೇ ಚಕ್ರ ಹತ್ತಿಸ್ತಾನಾ? ನನ್ ಗಂಡ ಹೀಗೇ ಓಡ್ಸೋದು. ಅವನ ತಗ್ಗು ಕಾರಲ್ಲಿ ಕೂತು ಪ್ರತಿ ಭಾನುವಾರ ಚರ್ಚಿಗೆ ಹೋಗೋಷ್ಟರಲ್ಲಿ ನನ್ ಸೊಂಟ ಎಡಕ್ಕೊಂದ್ಸಲ ಬಲಕ್ಕೊಂದ್ಸಲ. ನೆಟ್ಟಗೆ ಹತ್ತಿಸಿದ್ರೆ ಹೊಟ್ಟೆ ಕೆರೆಯುತ್ತೆ ಅಂತ.”

“ಲಾರಿಗೆ ಆ ಭಯ ಯಾಕೆ ಮೇಡಂ? ಅಷ್ಟೆತ್ತರ ಇದೆ.”

“ಲಾರಿಗಿಲ್ಲ ಕಣೋ. ಅವನ ಕೈಗಿದೆ.”

ಮರುದಿನ ಇಬ್ಬರೂ ಟೋಯಿಂಗ್ ಲಾರಿಗಳೆಲ್ಲ ಬಂದುಹೋಗುವ ಗುಜರಿ ಅಂಗಡಿಗಳ ರಸ್ತೆಯಲ್ಲಿ, ಹಂಪ್ಸಿನ ಎದುರು ಜೀಪು ನಿಲ್ಲಿಸಿಕೊಂಡು ಕೂತರು. ಆಲೂಗಡ್ಡೆ ಚಿಪ್ಸ್ ತುಂಬಿದ ಉದ್ದನೆಯ ಬ್ರೆಡ್ಡನ್ನು ಅರ್ಧ ಮಾಡಿ ತಿನ್ನುತ್ತ ಟೋಯಿಂಗ್ ಲಾರಿಗಳನ್ನು ನೋಡಿದರು. ಎಲ್ಲವೂ ನೆಟ್ಟಗೆ ನುಗ್ಗಿ ಧಡ್ ಎಂದು ಹಾರಿದವು. ಹನ್ನೊಂದೂವರೆಗೆ ಬಂದ ಬಿಳಿ ಲಾರಿ ನಿಧಾನವಾಗಿ ಓರೆ ತಿರುಗಿ, ಮಗುವನ್ನು ಮೆಟ್ಟಿಲಿಳಿಸುವ ಹಾಗೆ ಒಂದೊಂದೇ ಚಕ್ರ ಇಳಿಸಿ ಮುಂದೆ ಹೋಯಿತು.

ಚಾಲಕನ ಹೆಸರು ಡೆನ್ಜಿಲ್ ಅರೆಂಡ್ಸೆ. ಗುಜರಿ ಅಂಗಡಿಯ ಅಂಗಳದಲ್ಲಿ ಪೊಲೀಸರನ್ನು ಕಂಡು ಅವನು ಓಡಲಿಲ್ಲ.

“ಭಾನುವಾರ ಬೆಳಿಗ್ಗೆ ಎಲ್ಲಿದ್ದೆ?”

“ನಿಮ್ಗೆ ಗೊತ್ತಾಗಿದ್ದಕ್ಕೇ ಬಂದಿದೀರಿ.”

“ನಿನಗೂ ತಗ್ಗಿಸಿದ ಕಾರು ಇತ್ತಲ್ವಾ?”

“ಇತ್ತು. ತಮ್ಮ ಸತ್ತ ಮೇಲೆ ಮಾರಿದೆ.”

ಕಾರು ಹೋದರೂ ಕೈಗೆ ಹತ್ತಿದ ಚಾಳಿ ಹೋಗಿರಲಿಲ್ಲ. ಅವನ ತಮ್ಮ ಕೀನನ್‌ನನ್ನು ಮರ್ಸಿಯಾ ಬಲ್ಲಳು. ಹಿಂದಿನ ವರ್ಷ ರೈಲ್ವೆ ಕ್ರಾಸಿಂಗ್ ದಾಟಿದ ಕೂಡಲೇ ಕಾರು ಕಂಬಕ್ಕೆ ಬಡಿದು ಸತ್ತಿದ್ದ. ಅತಿ ವೇಗ ಎಂದು ಬರೆದು ಕಡತ ಮುಚ್ಚಿದ್ದರು.

“ವೇಗ ಅಲ್ಲ ಕ್ಯಾಪ್ಟನ್. ಮಾರ್ಲನ್ ನನ್ ತಮ್ಮನ ಕಾರು ತಗ್ಗಿಸಿದ್ದು ಸ್ಪ್ರಿಂಗ್ ಕತ್ತರಿಸಿ. ಕಬ್ಬಿಣ ಕೊಯ್ಯೋ ಗ್ರೈಂಡರ್ ಹಿಡಿದು ಸುತ್ತು ಕತ್ತರಿಸಿ ಎಸೆದ. ಹಂಗೆ ಕತ್ತರಿಸಿದ್ರೆ ಚಕ್ರ ಗಾಳಿಗೆದ್ದಾಗ ಸ್ಪ್ರಿಂಗ್ ಜಾಗ ಬಿಟ್ಟು ಜಿಗಿಯುತ್ತೆ. ಜಿಗೀತು. ಮಣ್ಣು ಹಾಕೋ ದಿನ ನನ್ ಅಮ್ಮನ ಕೈ ಹಿಡ್ಕೊಂಡು ಏನಂದ ಗೊತ್ತಾ? ನಿನ್ ಮಗಂಗೆ ಓಡ್ಸಕ್ಕೆ ಬರ್ತಿರ್ಲಿಲ್ಲ ಆಂಟಿ, ಅಂದ.”

ಲುಯಾಂಡಾ ಬೇಡಿ ತೆಗೆಯುತ್ತಿದ್ದಾಗ ಹೊರಗೆ ಎಂಜಿನ್ನುಗಳ ಸದ್ದು ಕೇಳಿತು. ಮಾರ್ಲನ್ ಮತ್ತು ಅವನ ಹುಡುಗರು ಬೆಳಗಿನಿಂದ ಜೀಪಿನ ಬೆನ್ನು ಹತ್ತಿದ್ದರು. ಆದರೆ ಅವರ ಮೂರು ಕಾರೂ ಸಾಲಾಗಿ ಹಂಪ್ಸಿನ ಮೇಲೆ ಒಂದೊಂದೇ ಚಕ್ರ ಹತ್ತಿಸಿ ಇಳಿಸಬೇಕಾಗಿತ್ತು. ಸೇಡಿಗೆ ಹೊರಟವರಿಗೂ ಕಾರಿನ ಹೊಟ್ಟೆಯದೇ ಚಿಂತೆ. ಆ ವಿಳಂಬವೇ ಡೆನ್ಜಿಲ್‌ನ ಕೈ ಉಳಿಸಿತು. ಅವರು ಕಬ್ಬಿಣದ ಸರಳು ಹಿಡಿದು ಒಳನುಗ್ಗುವಷ್ಟರಲ್ಲಿ ಮರ್ಸಿಯಾ ಪಿಸ್ತೂಲು ತೆಗೆದು ನಡುವೆ ನಿಂತಿದ್ದಳು.

“ಇನ್ನೊಂದ್ ಹೆಜ್ಜೆ ಇಟ್ರೆ ನಿನ್ನನ್ನೂ ಒಳಗೆ ಹಾಕ್ತೀನಿ ಮಾರ್ಲನ್. ಆ ಎರಡು ಬೆರಳಿನ ಲೆಕ್ಕಾನೂ ಬಾಕಿ ಇದೆ.”

“ಅವನನ್ನ ನನಗೆ ಬಿಡಿ ಕ್ಯಾಪ್ಟನ್. ಐದೇ ನಿಮಿಷ.”

ಡೆನ್ಜಿಲ್ ಲಾರಿಯ ಸೀಟಿನ ಹಿಂದಿನಿಂದ ಒಂದು ಸ್ಪ್ರಿಂಗ್ ಎಳೆದು ಮಾರ್ಲನ್‌ನ ಕಾಲ ಬುಡಕ್ಕೆ ಎಸೆದ. ಕೆಂಪು ಬಣ್ಣದ, ಎರಡೂ ತುದಿ ಸಪಾಟಾದ, ತಗ್ಗಿನ ಅಳತೆಗೆಂದೇ ಕಾರ್ಖಾನೆಯಲ್ಲಿ ಸುತ್ತಿದ ಸ್ಪ್ರಿಂಗ್.

“ಇದು ಯಾರ ಕಾರಿಂದು?”

“ನಂದು. ಕಳ್ಳ ನನ್ಮಗನೆ, ನಂದೇ.”

“ಒಂದು ಸುತ್ತೂ ಕತ್ತರಿಸಿಲ್ಲ. ನಿನ್ ಕಾರಿಗ್ಯಾಕೆ ಗ್ರೈಂಡರ್ ಹಿಡೀಲಿಲ್ಲ?”

ಮಾರ್ಲನ್ ಸರಳನ್ನು ಕೈಯಿಂದ ಕೈಗೆ ಬದಲಿಸಿದ. “ಕೀನನ್‌ಗೆ ಅರ್ಜೆಂಟಿತ್ತು. ಎಲ್ರೂ ಹಂಗೇ ಮಾಡ್ಸೋದು.”

“ಎಲ್ರೂ ಅಂದ್ರೆ ಯಾರ್ಯಾರು?” ಎಂದು ಹಿಂದಿನಿಂದ ಒಬ್ಬ ಹುಡುಗ ಕೇಳಿದ.

ಮಾರ್ಲನ್ ಬಗ್ಗಿ ತನ್ನ ಸ್ಪ್ರಿಂಗನ್ನು ಎತ್ತಿಕೊಂಡ. ಆ ಹುಡುಗ ಸರಳನ್ನು ಕೆಳಗಿಟ್ಟು ಹೊರಗೆ ಹೋದ. ತೊಳೆದ ಬಿಳಿ ಅಂಗಿಯಲ್ಲೇ ಧೂಳಿನಲ್ಲಿ ಬೋರಲು ಮಲಗಿ, ತನ್ನ ಕಾರಿನ ಚಕ್ರದ ಹಿಂದೆ ಫೋನಿನ ಬೆಳಕು ಬಿಟ್ಟು ನೋಡತೊಡಗಿದ. ಉಳಿದವರೂ ಒಬ್ಬೊಬ್ಬರಾಗಿ ತಂತಮ್ಮ ಕಾರಿನ ಕಡೆ ನಡೆದರು. ಕೊನೆಗೆ ಮಾರ್ಲನ್ ಒಬ್ಬನೇ ಉಳಿದ.

ಮಾರ್ಚ್ ಹದಿಮೂರು, ಬುಧವಾರ ಡೆನ್ಜಿಲ್ ಅರೆಂಡ್ಸೆಯ ಬಂಧನವಾಯಿತು. ಕಳವು ಮತ್ತು ಬೆಂಕಿ ಹಚ್ಚಿದ್ದು ಎರಡನ್ನೂ ಒಪ್ಪಿಕೊಂಡ. ಸಂಜೆ ಮರ್ಸಿಯಾ ಕೀನನ್‌ನ ಕಡತವನ್ನು ಮತ್ತೆ ತರಿಸಿದಳು. ಜಜ್ಜಿಹೋದ ಅವನ ಕಾರು ಆಗಲೇ ಗುಜರಿಯಲ್ಲಿ ಕರಗಿಹೋಗಿತ್ತು. ಬರೀ ಕಡತದಿಂದ ಏನಾದರೂ ಸಿಕ್ಕೀತೆಂಬ ಭರವಸೆ ಅವಳಿಗಿರಲಿಲ್ಲ.

ಹೇಳಿಕೆಗೆ ಸಹಿ ಹಾಕಿಸುವ ಮೊದಲು ಅವಳು ಒಂದೇ ಪ್ರಶ್ನೆ ಕೇಳಿದಳು. ಸುಡುವುದಕ್ಕೆಂದೇ ಒಯ್ದಿದ್ದರೆ ಸುಡಬಹುದಿತ್ತು, ಚಕ್ರ ಬಿಚ್ಚುವ ಕಷ್ಟ ಯಾಕೆ ಪಟ್ಟೆ?

“ಸುಡಕ್ಕೆ ಒಯ್ದಿರ್ಲಿಲ್ಲ ಕ್ಯಾಪ್ಟನ್, ನೋಡಕ್ಕೆ ಒಯ್ದಿದ್ದೆ. ಅವನ ಕಾರಲ್ಲೂ ಕತ್ತರಿಸಿದ್ದೇ ಇದ್ದಿದ್ರೆ, ಪಾಪ, ತಿಳೀದೆ ಮಾಡ್ದ ಅಂತ ವಾಪಸ್ ತಗೊಂಡ್ಹೋಗಿ ಅವನ ಶೆಡ್ಡಲ್ಲೇ ಇಳಿಸಿ ಬರ್ತಿದ್ದೆ. ಪೆಟ್ರೋಲ್ ತಂದಿದ್ದು ಆಮೇಲೆ.”