ಮೈಕಿನಲ್ಲಿ ಬಂದ ಒಡಪು

"ಪೇಷಂಟ್ ಹೆಸರೇನ್ರಿ?" ಎಂದು ಕೇಳಿದ ಎಂ.ಆರ್.ಐ. ಸ್ಕ್ಯಾನಿನ ಟೆಕ್ನಿಷಿಯನ್ ಫಯಾಜ.

"ಇವರದೇ ರೀ," ಎಂದಳು ನೀಲಾ, ಗದ್ದ ಎತ್ತಿ ನನ್ನ ಕಡೆ ತೋರಿಸುತ್ತಾ.

"ಹೌದ್ರಿ, ಇವರ ಹೆಸರೇನು?"

"ಅದೇ ರೀ... ಇವರದು."

ಫಯಾಜ ನಮ್ಮಿಬ್ಬರನ್ನೂ ಒಮ್ಮೆ ಅನುಮಾನದಿಂದ ನೋಡಿದ. "ಅಕ್ಕಾರ, ಇವರು ನಿಮಗ ಏನಾಗಬೇಕ್ರಿ? ಹೆಸರೂ ಗೊತ್ತಿಲ್ಲದವರ ಜೋಡಿ ಬಂದೀರೇನ?"

ನೀಲಾಳ ಕಿವಿ ಕೆಂಪೇರಿತು. ನಾನೇ ಹೇಳಿದೆ: "ರಾಜರತ್ನ ಅಂತ. ನಾನು ಅಕಿ ಗಂಡ. ಅಕಿ ಗಂಡನ ಹೆಸರ ಹೇಳಂಗಿಲ್ಲ."

"ಓಹೋ! ಹ್ವಾದ ವಾರ ಸ್ಕ್ಯಾನ್ ನಡುವ ಎದ್ದ ಓಡಿದ ರಾಜರತ್ನ ನೀವೇ ಅಲ್ರಿ?"

ಈಗ ಕೆಂಪೇರಿದ್ದು ನನ್ನ ಕಿವಿ. ನೀಲಾ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು.

ನಮ್ಮ ಮದುವೆಯಾಗಿ ಇನ್ನೂ ಒಂದು ದ್ರಾಕ್ಷಿ ಸುಗ್ಗಿಯೂ ಕಳೆದಿರಲಿಲ್ಲ. ನನ್ನದು ಹೊನವಾಡ. ತಿಕೋಟಾದ ಒಣದ್ರಾಕ್ಷಿ ಘಟಕವೊಂದರ ಲ್ಯಾಬಿನಲ್ಲಿ ಕೆಲಸ. ಅವಳು ಬಬಲೇಶ್ವರದ ಹುಡುಗಿ, ಅಲ್ಲಿಯೇ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ಮಾತನ್ನು ನಮ್ಮ ಕಡೆಯ ಹೆಂಗಸರು ಚಿಕ್ಕಂದಿನಿಂದ ಕೇಳಿರುತ್ತಾರೆ. ಹೇಳಲೇಬೇಕಾದರೆ ಒಡಪು ಕಟ್ಟಬೇಕು. ಎರಡು ಸಾಲಿನ ಪ್ರಾಸದೊಳಗೆ ಹೆಸರನ್ನು ಅಡಗಿಸಿ ದಾಟಿಸಿದರೆ ದೋಷವಿಲ್ಲ.

"ಗಣಿತದ ಟೀಚರಾಗಿ ಇದನ್ನ ನಂಬ್ತಿಯೇನ?" ಎಂದು ಒಮ್ಮೆ ಕೆಣಕಿದ್ದೆ.

"ನಂಬಂಗಿಲ್ರಿ. ಆದ್ರ ಸುಮ್ಮ ಸುಮ್ಮನ ಯಾಕ ಬೇಕು?" ಎಂದು ಕಣ್ಣು ತಪ್ಪಿಸಿದ್ದಳು.

ನನ್ನ ಬಲಗೈಯ ಬೆರಳುಗಳಲ್ಲಿ ಸ್ಪರ್ಶ ಹೊರಟುಹೋಗಿತ್ತು. ಕುತ್ತಿಗೆಯ ನರ ಒತ್ತಿದೆಯೋ, ಮೆದುಳಿನಲ್ಲೇ ಏನಾದರೂ ಇದೆಯೋ, ಎರಡನ್ನೂ ಸ್ಕ್ಯಾನ್ ಮಾಡಿ ನೋಡದೆ ಡಾಕ್ಟರು ಮುಂದಿನ ಮಾತು ಆಡುವವರಿರಲಿಲ್ಲ. ಇವತ್ತೂ ಆಗದಿದ್ದರೆ ಮಂಪರು ಬರಿಸಿ ಮಾಡಬೇಕು. ಅದಕ್ಕೆ ಬೇರೆ ಊರಿಗೆ ಹೋಗಿ ಪಾಳಿ ಕಾಯಬೇಕು. ಅಷ್ಟರೊಳಗೆ ಇನ್ನೊಂದು ಕೈಯ ಬೆರಳುಗಳ ಗತಿ ಏನೋ ಯಾರಿಗೂ ಗೊತ್ತಿರಲಿಲ್ಲ.

ಫಯಾಜ ನನ್ನನ್ನು ಮಲಗಿಸಿ, ಕಿವಿಗೆ ಹತ್ತಿ ತುರುಕಿ, ಮುಖದ ಮೇಲೆ ಪಂಜರದಂಥ ಚೌಕಟ್ಟು ಕೂಡಿಸಿದ. ಎಡಗೈಯಲ್ಲಿ ರಬ್ಬರಿನ ಚೆಂಡು ಇಟ್ಟ. "ತಡಕೊಳ್ಳಾಕ ಆಗಲಿಲ್ಲಂದ್ರ ಇದನ್ನ ಒತ್ರಿ. ಆದ್ರ ಒತ್ತಬ್ಯಾಡ್ರಿ."

ಹಲಗೆ ನಿಧಾನವಾಗಿ ಒಳಕ್ಕೆ ಜಾರಿತು.

ಎಂ.ಎಸ್ಸಿ. ಓದುವಾಗ ಇದೇ ತತ್ವದ ಯಂತ್ರದೊಳಗೆ ಎಷ್ಟೋ ದ್ರಾವಣಗಳನ್ನು ಇಳಿಸಿದ್ದೆ. ಕಾಂತಕ್ಷೇತ್ರದಲ್ಲಿ ಜಲಜನಕದ ಬೀಜಕಣಗಳು ಹೇಗೆ ಸಾಲುಗೊಳ್ಳುತ್ತವೆ, ಹೇಗೆ ಮತ್ತೆ ಸಡಿಲಗೊಳ್ಳುತ್ತವೆ ಎಂಬುದನ್ನು ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಈಗ ನಾನೇ ಆ ಗಾಜಿನ ನಳಿಗೆಯಲ್ಲಿನ ದ್ರಾವಣ. ತಿಳಿವಳಿಕೆ ಎಲ್ಲ ಹಾಗೇ ಇತ್ತು, ಉಸಿರು ಮಾತ್ರ ನನ್ನ ಮಾತು ಕೇಳುತ್ತಿರಲಿಲ್ಲ. ಮೂಗಿನ ಮೇಲೆಯೇ ಬಿಳಿಯ ಚಾವಣಿ. ಕಣ್ಣು ಮುಚ್ಚಿದರೆ ಅದು ಇನ್ನೂ ಕೆಳಗೆ ಇಳಿದಂತೆ ಅನಿಸುತ್ತಿತ್ತು.

ಸದ್ದು ಶುರುವಾಯಿತು. ತಗಡಿನ ಬಾಗಿಲಿಗೆ ಯಾರೋ ಸಿಟ್ಟಿನಿಂದ ಗುದ್ದಿದ ಹಾಗೆ. ಮೊದಲ ಸರದಿ ಮುಗಿಯುವಷ್ಟರಲ್ಲಿ ಬೆನ್ನು ಬೆವೆತು, ಹೆಬ್ಬೆರಳು ಚೆಂಡಿನ ಮೇಲೆ ಬಿಗಿಯಾಗಿತ್ತು.

ಸದ್ದು ನಿಂತ ಗಳಿಗೆಯಲ್ಲಿ ಮೈಕು ಕರಕರ ಎಂದಿತು. ಫಯಾಜನ ದನಿ: "ಸರ್, ಆರಾಮ ಅದೀರಿ?"

"ಇಲ್ಲ," ಎಂದೆ. "ತಗೀರಿ ನನ್ನ."

ಆ ಕಡೆ ಗುಸುಗುಸು. "ನಾ ಮಾತಾಡ್ತೇನ್ರಿ, ಒಂದ ಸಲ, ಕೊಡ್ರಿ." ಆಮೇಲೆ ಗಂಟಲು ಸರಿಪಡಿಸಿಕೊಂಡ ಸದ್ದು, ಕ್ಲಾಸಿಗೆ ಹೊಕ್ಕ ಟೀಚರಿನದು.

"ಮಷೀನಿನಾಗ ಮಲಗೋದಕ್ಕ ನಡದೈತಿ ಎರಡನೇ ಪ್ರಯತ್ನ,
ಮಿಸುಕಾಡದ ಮಲಗ್ಯಾರ ನೋಡ್ರಿ ನಮ್ಮ ರಾಜರತ್ನ!"

ನನ್ನ ಹೆಸರು ಅವಳ ದನಿಯಲ್ಲಿ! ಮದುವೆಯ ದಿನ ಎಲ್ಲರೂ ಪೀಡಿಸಿದಾಗ ಪಿಸುಗುಟ್ಟಿ ಮುಗಿಸಿದ್ದಳು, ನನಗೇ ಕೇಳಿಸಿರಲಿಲ್ಲ. ಈಗ ಅದು ಕೊಳವೆಯ ತುಂಬ ತುಂಬಿಕೊಂಡಿತು. ಹೆಬ್ಬೆರಳು ಸಡಿಲವಾಯಿತು.

"ಈಗರ ಮಲಗ್ತೀರಿ?"

"ಇನ್ನೊಂದ ಹೇಳ್ತೀಯಂದ್ರ."

"ಚೌಕಾಸಿ ಬ್ಯಾರೆ! ಮಲಗ್ರಿ ಮೊದಲ."

ಎರಡನೆಯ ಸರದಿ ಕಳೆಯಿತು. ಮೂರನೆಯದೂ ಕಳೆಯಿತು. ಪ್ರತಿ ಬಿಡುವಿನಲ್ಲೂ ಒಂದೊಂದು ಒಡಪು. ಸದ್ದು ನಡೆಯುವಾಗ ಅವಳು ಆ ಕಡೆ ಕೂತು ಪ್ರಾಸ ಹುಡುಕುತ್ತಿರುತ್ತಾಳೆ ಎಂದುಕೊಂಡೆ. ಲೆಕ್ಕ ಬಿಡಿಸುವಾಗಿನಂತೆ ಹುಬ್ಬು ಗಂಟಿಕ್ಕಿ, ತುಟಿಯಲ್ಲೇ ಎಣಿಸುತ್ತಾ. ಆ ಮುಖವನ್ನೇ ನೋಡುತ್ತಾ ಮಲಗಿದೆ.

ಕುತ್ತಿಗೆಯ ಸರದಿ ಬಂತು. "ಇದು ಭಾಳ ಉದ್ದ ಐತ್ರಿ ಸರ್, ಉಗುಳ ಸೈತ ನುಂಗಬ್ಯಾಡ್ರಿ," ಎಂದ ಫಯಾಜ. ಅವನ ಹಿಂದೆಯೇ ನೀಲಾ:

"ಗಡಗಡ ಗುಡುಗುಡು ಸದ್ದಿಗೆ ಹೊರಗ ಕುಂತವರೆಲ್ಲ ಎದ್ರು,
ಮಷೀನಿಂದಲ್ರಿ ಅದು, ನಮ್ಮ ರಾಜರತ್ನ ಗೊರಕಿ ಹೊಡದಿದ್ರು!"

ಫಯಾಜ ಗೊಳ್ಳೆಂದ. ನಾನು ತಡೆದುಕೊಂಡೆ. ಆದರೆ ನಗು ಹಟಮಾರಿ. ಸದ್ದು ಶುರುವಾದ ಮೇಲೆ ಹೊಟ್ಟೆಯಿಂದ ಮೇಲೇರಿ ಭುಜ ಹಿಡಿದು ಅಲುಗಿಸಿತು. ಎಷ್ಟು ಬಿಗಿಹಿಡಿದರೂ ಕುತ್ತಿಗೆ ಕುಣಿಯಿತು. ಸರದಿ ಮುಗಿಯುವವರೆಗೂ ಬಿಟ್ಟು ಬಿಟ್ಟು ಬರುತ್ತಲೇ ಇತ್ತು.

ಮೈಕಿನಲ್ಲಿ ಫಯಾಜನ ದನಿ ಸಣ್ಣದಾಗಿತ್ತು. "ಸರ್... ಚಿತ್ರ ಎಲ್ಲಾ ಕಲಸಿ ಹೋಗ್ಯಾವ್ರಿ. ಇದನ್ನ ಮೊದಲಿಂದ ಮಾಡಬೇಕಾಗ್ತೈತಿ."

ಮೊದಲಿಂದ. ಆ ಒಂದು ಮಾತಿಗೆ ಅಷ್ಟು ಹೊತ್ತು ದೂರ ನಿಂತಿದ್ದ ಚಾವಣಿ ಸರಕ್ಕನೆ ಮುಖದ ಮೇಲೆ ಬಂತು. ನಾನು ಚೆಂಡನ್ನು ಒತ್ತಿದೆ.

ಗಂಟೆ ಮೊಳಗಿತು. "ಸಾಕು. ನನ್ನ ಕಡಿಂದ ಆಗಂಗಿಲ್ಲ. ನೀಲಾ, ಆಗಂಗಿಲ್ಲ."

ಇನ್ನೊಂದು ಒಡಪು ಬರುತ್ತದೆ ಎಂದುಕೊಂಡೆ. ಬರಲಿಲ್ಲ.

"ರಾಜರತ್ನ."

ಹಿಂದೆ ಪ್ರಾಸವಿಲ್ಲ, ಮುಂದೆ ಪ್ರಾಸವಿಲ್ಲ. ಬರಿಯ ಹೆಸರು.

"ರಾಜರತ್ನ, ನನಗ ಒಡಪ ಹೊಳೀವಲ್ತು. ನಗಸಿ ಕೆಲಸಾ ಕೆಡಿಸಿದೆ. ಧೈರ್ಯಾ ಹೇಳಾಕ ಬಂದಾಕಿ, ನಿಮಕಿಂತ ಜಾಸ್ತಿ ನಾನೇ ಅಂಜೇನಿ. ರಾತ್ರಿ ನೀವ ಮಲಗಿದ ಮ್ಯಾಲ ಆ ಕೈ ಚಿವುಟಿ ನೋಡ್ತೇನಿ. ದಿನಾ ನೋಡ್ತೇನಿ. ನಿಮಗ ಗೊತ್ತಾಗಂಗಿಲ್ಲ." ಉಸಿರು ಎಳೆದುಕೊಂಡಳು. "ನೀವ ನನಗ ಭಾಳ ದಿನ ಬೇಕು. ಹೊರಗ ಬರೂದಿದ್ರ ಬರ್ರಿ, ಬೈಯಂಗಿಲ್ಲ. ಹೆಸರ ಅಂತೂ ಹೇಳಿಬಿಟ್ಟೆ. ಏನಾಗ್ತೈತಿ ಆಗಲಿ... ಅಲ್ಲ, ಏನೂ ಆಗಬಾರದು."

ನನ್ನ ಕಣ್ಣಿನಿಂದ ನೀರು ಪಕ್ಕಕ್ಕೆ ಹರಿದು ಕಿವಿಯ ಹತ್ತಿಗೆ ಇಳಿಯಿತು. ಒರೆಸಿಕೊಳ್ಳುವ ಹಾಗಿರಲಿಲ್ಲ. ಅವಳಿಗಾಗಿ ನಾನು ಮಾಡಬಹುದಾಗಿದ್ದು ಒಂದೇ, ಸುಮ್ಮನೆ ಮಲಗುವುದು.

"ಫಯಾಜ," ಎಂದೆ. "ಶುರು ಮಾಡ್ರಿ."

ಭಯ ಹೋಗಲಿಲ್ಲ. ಅದು ಕೊನೆಯವರೆಗೂ ಜೊತೆಗೇ ಮಲಗಿತ್ತು. ಅದನ್ನು ಓಡಿಸುವ ಪ್ರಯತ್ನ ಬಿಟ್ಟೆ, ಅಷ್ಟೆ. ಇದೇ ಭಯ ಮೈಕಿದ್ದ ಕೋಣೆಯ ಗಾಜಿನ ಆಚೆ ಕುರ್ಚಿಯ ತುದಿಯಲ್ಲಿ ಕೂತಿದೆ, ಅದೂ ಈಗ ಮಿಸುಕಾಡುತ್ತಿಲ್ಲ ಎಂದು ಗೊತ್ತಿತ್ತು.

ಹಲಗೆ ಹೊರಗೆ ಬಂದಾಗ ಫಯಾಜ ಚೌಕಟ್ಟು ತೆಗೆಯುತ್ತಾ, "ಚಿತ್ರ ಛಲೋ ಬಂದಾವ್ರಿ. ಒಳಗೇನೈತಿ ಅಂತ ಡಾಕ್ಟರೇ ಹೇಳಬೇಕು, ನಾಳೆ," ಎಂದ. ಅವನ ಮುಖದಲ್ಲಿ ಏನಾದರೂ ಓದಲು ಸಿಕ್ಕೀತೇ ಎಂದು ನಾವಿಬ್ಬರೂ ನೋಡಿದೆವು. ಏನೂ ಸಿಗಲಿಲ್ಲ.

ಸ್ಕ್ಯಾನ್ ಸೆಂಟರಿನ ಹೊರಗೆ ಅಥಣಿ ರಸ್ತೆಯಲ್ಲಿ ಬಿಸಿಲು ಕಣ್ಣಿಗೆ ರಾಚುತ್ತಿತ್ತು. ಹೊನವಾಡದ ಬಸ್ಸಿಗೆ ಕಾಯುತ್ತಾ ಬೇವಿನ ನೆರಳಿಗೆ ನಿಂತೆವು. ರಸ್ತೆಯಲ್ಲಿ ಎಂದೂ ನನ್ನ ಪಕ್ಕಕ್ಕೆ ನಿಲ್ಲದವಳು ಇವತ್ತು ಒತ್ತಿಕೊಂಡೇ ನಿಂತಿದ್ದಳು. ಕೆಳಗೆ ನೋಡಿದಾಗ ಗೊತ್ತಾಯಿತು, ಯಾವಾಗಿನಿಂದಲೋ ಅವಳು ನನ್ನ ಬಲಗೈ ಹಿಡಿದುಕೊಂಡಿದ್ದಾಳೆ.

"ನೀಲಾ, ಈ ಕಡೆ ಬಾ."

"ಯಾಕ್ರಿ? ಮಂದಿ ನೋಡ್ತಾರಂತ?"

"ಅಲ್ಲ. ಎಡಗೈ ಹಿಡಿ. ಅದ್ರಾಗ ಇನ್ನೂ ಗೊತ್ತಾಗ್ತೈತಿ."

ಅವಳು ನನ್ನನ್ನು ಬಳಸಿ ಈ ಕಡೆ ಬಂದಳು. ಅವಳ ಅಂಗೈ ಬೆವೆತಿತ್ತು. ಅದು ನನಗೆ ಗೊತ್ತಾಯಿತು.