ಹತ್ತೂವರೆಗೆ ಕೂಗಿದ ಮುಂಜಾವಿನ ಆಜಾನ್

ನವೆಂಬರ್ ಹನ್ನೊಂದು, ಬೆಳಗ್ಗೆ ಒಂಬತ್ತು ಗಂಟೆ. ತೆಗಾಲ್ ಬಂದರು ಠಾಣೆಯ ಕಿಟಕಿಗಳಿಗೆ ಸಮುದ್ರದ ಮಬ್ಬು ಇನ್ನೂ ಅಂಟಿಕೊಂಡಿತ್ತು. ಮೀನು ಮಾರುವ ತುರಿನಾ, ತಾಯಿಯ ಫೋನನ್ನು ಇನ್ಸ್‌ಪೆಕ್ಟರ್ ಪಮುಂಗ್ಕಾಸ್ ಅವರ ಮೇಜಿನ ಮೇಲಿಟ್ಟಳು.

“ಸತ್ತ ನನ್ನ ತಮ್ಮ ಅಮ್ಮನಿಗೆ ಮೇಲ್ ಮಾಡ್ತಿದಾನೆ, ಸಾರ್.”

“ಸತ್ತಿದ್ದು ಯಾವಾಗ?”

“ಎಂಟು ತಿಂಗಳಾಯ್ತು. ವಸ್ಜುದ್ ಅಂತ. ಪರದೇಶದ ಮೀನು ಹಡಗಲ್ಲಿದ್ದ. ನೀರಿಗೆ ಬಿದ್ದು ಕಾಣೆಯಾದ ಅಂತ ಕಂಪನಿಯವರು ಹೇಳಿ ಕೈ ತೊಳ್ಕೊಂಡ್ರು. ಈಗ ಯಾವನೋ ಅವನ ಹೆಸರಲ್ಲಿ ‘ಚೆನ್ನಾಗಿದೀನಿ, ಹಬ್ಬಕ್ಕೆ ಬರ್ತೀನಿ’ ಅಂತ ಬರೀತಾನೆ. ಅಮ್ಮ ಹಗಲೆಲ್ಲ ಅಲೆ ಬಡಿಯೋ ಕಟ್ಟೆ ಮೇಲೆ ಕೂರ್ತಾಳೆ. ಮೊನ್ನೆ ಜಾರಿ ಬಿದ್ಲು. ಸತ್ತವನಿಗೆ ಪ್ರಾರ್ಥನೆ ಇಡೋಕೂ ಬಿಡಲ್ಲ.”

ಸುಳ್ಳು ಹೆಸರಿನಲ್ಲಿ ಸಂದೇಶ ಕಳಿಸಿದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು.

ಕಂಪ್ಯೂಟರ್ ಕೆಲಸ ಬಲ್ಲ ಕಾನ್‌ಸ್ಟೆಬಲ್ ಎಂಡಾ ಮಧ್ಯಾಹ್ನದವರೆಗೆ ಮೇಲ್‌ಗಳ ಜಾಡು ಹಿಡಿದಳು. ಒಂದು ಫಿನ್‌ಲ್ಯಾಂಡಿನಿಂದ ಬಂದಂತಿತ್ತು, ಇನ್ನೊಂದು ರೊಮೇನಿಯಾದಿಂದ.

“ಮುಖ ಮರೆಸೋ ಜಾಲ, ಸಾರ್. ಫೋನಲ್ಲಿ ಅದಕ್ಕೊಂದು ಆ್ಯಪ್ ಹಾಕ್ಕೊಂಡು, ಯಾವ ಯಾವ ಆ್ಯಪ್‌ಗಳು ಆ ದಾರೀಲಿ ಹೋಗ್ಬೇಕು ಅಂತ ಟಿಕ್ ಮಾಡಿದ್ರಾಯ್ತು. ನಮ್ಮ ಪಕ್ಕದ ಬೀದಿಯ ಮಾತೂ ಮೂರು ದೇಶ ಸುತ್ತಿ ಬರುತ್ತೆ.”

“ಹಾಗಾದ್ರೆ ಹುಡುಕೋದು?”

“ಕಷ್ಟ. ಆದ್ರೆ ಒಂದು ಮೇಲ್‌ನಲ್ಲಿ, ಹಡಗಿನ ಅಡುಗೆಯವನು ಸಾಕಿದ್ದ ಕುಂಟ ಕಡಲಹಕ್ಕಿಯ ವಿಷಯ ಇದೆ. ಹೊರಗಿನವರಿಗೆ ಅದು ಗೊತ್ತಿರಲ್ಲ, ಬರ್ದೋನು ಆ ಹಡಗಲ್ಲಿದ್ದವನೇ.”

ಆ ಹಡಗಿನಿಂದ ಊರಿಗೆ ಮರಳಿದವರು ಆರು ಮಂದಿ. ಮರುದಿನ ಆರೂ ಜನರ ಹೇಳಿಕೆ ಪಡೆಯಲಾಯಿತು. ಆರೂ ಜನ ‘ನಾನಲ್ಲ’ ಎಂದು ತಲೆಯಲ್ಲಾಡಿಸಿದರು.

ಬಲೆ ಹೆಣೆಯುವ ಅಂಗಳದ ಪಕ್ಕ ರಾಸ್ತಿಯ ಚಹಾ ಅಂಗಡಿ. ಮಣ್ಣಿನ ಕೂಜೆಯಿಂದ ಏಳುತ್ತಿದ್ದ ಮಲ್ಲಿಗೆ ಚಹಾದ ಹಬೆ ಮಬ್ಬಿನೊಂದಿಗೆ ಬೆರೆತು, ದೋಣಿಗಳು ನೀರಿನ ಮೇಲಲ್ಲ, ಆ ಹಬೆಯ ಮೇಲೆಯೇ ನಿಂತಂತೆ ಕಾಣುತ್ತಿದ್ದವು.

“ಏನು ಸಾರ್, ಮುಖ ಸಪ್ಪಗಿದೆ? ನಿದ್ದೆ ಆಗಿಲ್ವಾ?” ರಾಸ್ತಿ ಕಲ್ಲುಸಕ್ಕರೆ ಹಾಕುತ್ತ ನಕ್ಕಳು. “ಚಸ್ಮಾದಿ ಹತ್ರ ಹೋಗಿ. ಈ ವಾರವೆಲ್ಲ ಹತ್ತೂವರೆ ಸುಮಾರಿಗೆ ಅವನ ಫೋನು ಮುಂಜಾವಿನ ಆಜಾನ್ ಕೂಗ್ತಿದೆ, ‘ನಿದ್ದೆಗಿಂತ ನಮಾಜು ಮೇಲು’ ಅಂತ. ಊರಿಗೆಲ್ಲ ಒಂದು ಬೆಳಗು, ನಮ್ಮ ದೊರೆಗೆ ಎರಡು!”

ಚಸ್ಮಾದಿ ಆ ಆರು ಜನರಲ್ಲಿ ಒಬ್ಬ; ಈಗ ಪಕ್ಕದ ಅಂಗಳದಲ್ಲೇ ಬಲೆ ಹೆಣೆಯುತ್ತಿದ್ದ. ಎಂಡಾ ಲೋಟ ಕೆಳಗಿಟ್ಟಳು.

“ಸಾರ್, ಅವನು ಮೇಲ್‌ಗೆ ಮಾತ್ರ ಅಲ್ಲ, ಎಲ್ಲ ಆ್ಯಪ್‌ಗೂ ಟಿಕ್ ಹಾಕಿದಾನೆ. ಜಾಗ ತೋರ್ಸೋದನ್ನೂ ಆಫ್ ಮಾಡಿರ್ಬೇಕು. ಪಾಪ, ನಮಾಜಿನ ಆ್ಯಪ್ ಜಾಲ ಹೇಳಿದ ಊರನ್ನೇ ನಂಬಿದೆ. ಇಲ್ಲಿ ಹತ್ತೂವರೆ ಅಂದ್ರೆ ರೊಮೇನಿಯಾದಲ್ಲಿ ಈಗಷ್ಟೇ ಮುಂಜಾವು.”

ನವೆಂಬರ್ ಹದಿಮೂರು. ಇನ್ಸ್‌ಪೆಕ್ಟರ್ ಇಬ್ಬರು ಪಂಚರೊಂದಿಗೆ ಬಲೆ ಅಂಗಳದಲ್ಲಿ ಕಾದು ನಿಂತರು. ಹಸಿರು ಬಲೆಗಳು ಗಾಳಿಗೆ ಉಸಿರಾಡುತ್ತಿದ್ದವು. ಹತ್ತೂವರೆಯ ಸುಮಾರಿಗೆ ಚಸ್ಮಾದಿಯ ಅಂಗಿಯ ಜೇಬಿನಿಂದ ಆಜಾನ್ ಎದ್ದಿತು. ಯಾವುದೋ ದೂರದ ಶೀತಲ ನಾಡಿನ ನಸುಕು ಈ ಬಿಸಿಲಿಗೆ ದಾರಿ ತಪ್ಪಿ ಬಂದಂತೆ ಎಲ್ಲರೂ ಕೈ ನಿಲ್ಲಿಸಿ ಕೇಳಿದರು.

“ಎಲ್ಲಿಯ ಬೆಳಗಪ್ಪಾ ಇದು?” ಇನ್ಸ್‌ಪೆಕ್ಟರ್ ಕೇಳಿದರು.

ಚಸ್ಮಾದಿ ಓಡಲಿಲ್ಲ. “ಗೊತ್ತಿಲ್ಲ ಸಾರ್. ಒಂದೊಂದಿನ ಒಂದೊಂದು ಊರಿಂದು.”

“ಆ ನಮಾಜಿನ ಆ್ಯಪ್ ತೆಗೆದುಹಾಕಿದ್ದಿದ್ರೆ ನಿನ್ನನ್ನ ಹಿಡಿಯೋಕೆ ಆಗ್ತಿರ್ಲಿಲ್ಲ.”

“ಆಜಾನ್‌ನ ಹೇಗೆ ತೆಗೀಲಿ ಸಾರ್? ಕೈ ಬರ್ಲಿಲ್ಲ.”

ಫೋನನ್ನು ಪಂಚನಾಮೆಯ ಮೂಲಕ ವಶಪಡಿಸಿಕೊಳ್ಳಲಾಯಿತು. ಕಳಿಸಿದ ಮೇಲ್‌ಗಳೆಲ್ಲ ಅದರಲ್ಲಿದ್ದವು. ಚಸ್ಮಾದಿಯನ್ನು ಠಾಣೆಗೆ ಕರೆತಂದ ಸುದ್ದಿ ತಿಳಿದು ತುರಿನಾ ತಾಯಿ ಕಸ್ಮಿರಾಳ ಕೈ ಹಿಡಿದು ಠಾಣೆಗೆ ಬಂದಳು. ಚಸ್ಮಾದಿ ನೆಲ ನೋಡುತ್ತ ನಿಂತ.

“ಏನೋ ಸಿಕ್ತು ನಿಂಗೆ?” ತುರಿನಾ ಕಿರುಚಿದಳು. “ಮುದುಕೀನ ಆಟ ಆಡಿಸಿದ್ಯಲ್ಲೋ!”

“ನಿಜ ಹೇಳೋಕೇ ಬಂದಿದ್ದೆ ಅಕ್ಕಾ, ಊರಿಗೆ ಬಂದ ದಿನಾನೇ. ನೀನು ಮಾರ್ಕೆಟ್ಟಿಗೆ ಹೋಗಿದ್ದೆ. ಅಮ್ಮ ಬಾಗಿಲಲ್ಲೇ ‘ನನ್ನ ಮಗ ಚೆನ್ನಾಗಿದಾನಾ?’ ಅಂದ್ರು. ‘ಹೂಂ’ ಅಂದ್ಬಿಟ್ಟೆ. ಆಮೇಲೆ ಆ ಹೂಂ ನ ವಾಪಸ್ ತಗೊಳ್ಳೋಕೆ ಆಗ್ಲಿಲ್ಲ. ಕಡಲಲ್ಲಿರೋನು ಊರೂರಿಂದ ಬರ್ದ ಹಾಗೆ ಇರ್ಬೇಕಿತ್ತು, ಅದಕ್ಕೇ ಆ ಜಾಲ.”

“ನಿಜ ಏನು?” ಇನ್ಸ್‌ಪೆಕ್ಟರ್ ಕೇಳಿದರು.

“ಅವನು ನೀರಿಗೆ ಬೀಳಲಿಲ್ಲ. ಕಾಲು ಊದಿ, ಉಸಿರು ಕಟ್ಟಿ, ಹಾಸಿಗೇಲಿ ಹೋದ. ದಡಕ್ಕೆ ಒಯ್ದು ಔಷಧಿ ಕೊಡಿಸ್ಲಿಲ್ಲ ಅನ್ನೋದು ಹೊರಬೀಳುತ್ತೆ ಅಂತ ಕಂಪನಿಯವರು ಅದನ್ನ ಮುಚ್ಚಿಟ್ರು.”

ಕಸ್ಮಿರಾ ತಲೆಯೆತ್ತಿದಳು.

“ಮೈ ತೊಳೆದ್ರಾ?”

“ನಾನೇ ತೊಳೆದೆ, ಅಮ್ಮಾ. ಕುಡಿಯೋ ನೀರಲ್ಲಿ.”

“ನಮಾಜು?”

“ನಾನೇ ಮಾಡ್ಸಿದೆ. ಹಡಗಿನ ದಿಕ್ಸೂಚಿ ನೋಡಿ ಕಿಬ್ಲಾ ದಿಕ್ಕಿಗೆ ನಿಂತ್ವಿ. ಬಿಳಿ ಬಟ್ಟೆ ಸುತ್ತಿ, ಹಗ್ಗ ಕಟ್ಟಿ, ಮೆಲ್ಲಗೆ ಇಳಿಸಿದ್ವಿ. ಕಡಲು ಅವತ್ತು ಎಣ್ಣೆ ಹಾಗಿತ್ತು.”

ಮುದುಕಿ ಮಗಳ ಕೈ ಹಿಡಿದು ಬೆಂಚಿನ ಮೇಲೆ ಕುಳಿತಳು.

“ಒದ್ದಾಡಿ, ನೀರು ಕುಡಿದು ಸಾಯ್ಲಿಲ್ಲ ನನ್ನ ಮಗ,” ಎಂದಳು, ಯಾರಿಗೂ ಅಲ್ಲದೆ. ಆಮೇಲೆ ಮಗಳಿಗೆ: “ನೆರೆಯವರಿಗೆಲ್ಲ ಹೇಳು. ಇವತ್ತು ಸಂಜೆ ಪ್ರಾರ್ಥನೆ.”

ಆರೋಪಿಯನ್ನು ವಿಧಿವತ್ತಾಗಿ ಬಂಧಿಸಲಾಯಿತು. ಹಡಗಿನ ಸಾವಿನ ಕುರಿತು ಬೇರೊಂದು ಎಫ್‌ಐಆರ್ ದಾಖಲಾಗಿ, ಅದರಲ್ಲಿ ಚಸ್ಮಾದಿಯೇ ಮೊದಲ ಸಾಕ್ಷಿಯಾದ. ಮೊದಲ ಪ್ರಕರಣದಲ್ಲಿ ಕೃತ್ಯದ ಉದ್ದೇಶ ಬರೆಯಬೇಕಾದಲ್ಲಿ ಪಮುಂಗ್ಕಾಸ್ ಬರೆದರು: ಒಬ್ಬ ತಾಯಿಗೆ ‘ಇಲ್ಲ’ ಎನ್ನಲು ಆಗಲಿಲ್ಲ.