ಹೆಸರು ಬರೆದ ಕೂದಲು

"ಕೂದಲನ್ನ ಬೇರೆ ಬೇರೆ ಇಡಬೇಡ ತಾಯೀ. ಎಲ್ಲರದ್ದೂ ಒಂದೇ ರಾಶಿಗೆ ಗುಡಿಸು. ನೀರು ಚಿಮುಕಿಸಿ ಕೈಯಾರೆ ಕಲಸು. ಯಾರದ್ದು ಯಾವುದು ಅಂತ ನಿನಗೇ ಗೊತ್ತಾಗಬಾರದು. ಆಮೇಲೇ ಹೊರಗೆ ಹಾಕು."

ಅಂಗಡಿಯ ಬೀಗದಕೈ ಒಪ್ಪಿಸುತ್ತ ಮುದುಕ ಕ್ಷೌರಿಕ ಹೇಳಿದ್ದು ಇಷ್ಟೇ. ನಲವತ್ತೊಂದು ವರ್ಷ ಆ ಬೀದಿಯ ತಲೆಗಳನ್ನೆಲ್ಲ ಅಂಗೈಯಲ್ಲಿ ಹಿಡಿದು ತಿರುಗಿಸಿದವನು. ಕಟ್ಟಡದ ಯಜಮಾನ ಬಾಡಿಗೆ ಏರಿಸಿದಾಗ ತುಟಿಪಿಟಕ್ಕೆನ್ನದೆ ಎದ್ದುಬಿಟ್ಟಿದ್ದ.

ಹೊಸದಾಗಿ ಬಂದವಳು ನಕ್ಕಳು. "ಕಲಸೋಕೆ ಅದೇನು ಹಿಟ್ಟಾ ಅಜ್ಜಾ?"

"ನಗಬೇಡ. ಕೂದಲಿಗೆ ಹೆಸರು ಅಂಟಿಕೊಂಡಿದ್ರೆ, ಆಗದವರು ಅದನ್ನ ಹಿಡ್ಕೊಂಡು ಆ ಮನುಷ್ಯನವರೆಗೂ ಹೋಗ್ತಾರೆ."

"ಹೋಗಲಿ ಬಿಡಿ. ವಿಳಾಸ ಹುಡುಕೋ ಕಷ್ಟ ತಪ್ಪಿತು."

ಮುದುಕ ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೊರಟುಹೋದ.

ಬೀದಿ ಆಗ ಚರ್ಮ ಸುಲಿದುಕೊಳ್ಳುತ್ತಿತ್ತು. ಹಿಟ್ಟಿನ ಗಿರಣಿ ಇದ್ದಲ್ಲಿ ಕಾಫಿ ಹುರಿಯುವ ಅಂಗಡಿ ಬಂತು. ಪಾತ್ರೆ ಬೆಸೆಯುವವನ ಟಪಟಪ ಸದ್ದು ನಿಂತು, ಅಲ್ಲಿ ಮೇಣದ ಬತ್ತಿ ಮಾರತೊಡಗಿದರು. ಹಳೆಯ ಗೋಡೆಗಳಿಗೆ ಹಾಲಿನ ಬಣ್ಣ, ಕಿಟಕಿಗಳಿಗೆ ಹೂಕುಂಡ, ನಾಯಿಗಳಿಗೆ ಅಂಗಿ. ಹಳಬರು ಕಟ್ಟೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ಹೊಸಬರು ನಗುತ್ತ ಕೈ ಬೀಸಿದರೆ ಕೈ ಎತ್ತುತ್ತಿರಲಿಲ್ಲ. ನೋಟ ಮಾತ್ರ ಬೆನ್ನಿಗೆ ಅಂಟಿದ ನೆಗ್ಗಿಲಮುಳ್ಳಿನ ಹಾಗೆ ಮನೆಯವರೆಗೂ ಬರುತ್ತಿತ್ತು.

ಬೀಗದಕೈ ಪಡೆದವಳ ಸಲೂನಿನಲ್ಲಿ ಪ್ರತಿ ಕುರ್ಚಿಗೂ ಒಂದು ಕಂದು ಕಾಗದದ ಪೊಟ್ಟಣ. ಬಿದ್ದ ಕೂದಲನ್ನು ಅದರಲ್ಲಿ ತುಂಬಿ, ಮೇಲೆ ಗಿರಾಕಿಯ ಹೆಸರು ಬರೆದು ಕೊಡುವುದು. ಮನೆಗೊಯ್ದು ಹೂಕುಂಡಕ್ಕೆ ಗೊಬ್ಬರವಾಗಿ ಹಾಕಿಕೊಳ್ಳಲಿ ಅಂತ. ಹೊಸ ಜನಕ್ಕೆ ಇದು ಬಲು ಹಿಡಿಸಿತು. ಬಾಗಿಲು ತೆರೆದ ದಿನ ಮೊದಲ ಗಿರಾಕಿಯಾಗಿ ತನ್ನ ಮಗಳನ್ನೇ ಕೂರಿಸಿದಳು. ಪುಟ್ಟಿಗೆ ಏಳು ವರ್ಷ. ತಾಯಿಗೆ ಮಗಳು, ಮಗಳಿಗೆ ತಾಯಿ, ಆ ಮನೆಯಲ್ಲಿ ಬೇರೆ ಜೀವವಿರಲಿಲ್ಲ. ಪುಟ್ಟಿಯ ಪೊಟ್ಟಣ ಹಿತ್ತಿಲ ಕಿಟಕಿಯಲ್ಲಿ ಉಳಿದುಹೋಯಿತು.

ಅಂಗಡಿಯ ಪಕ್ಕದ ಗೋಡೆಗೆ ಇಸ್ತ್ರಿಯವಳ ಗಾಡಿ ಒರಗಿರುತ್ತಿತ್ತು. ಕೆಂಡದ ಪೆಟ್ಟಿಗೆ, ನೀರಿನ ತಂಬಿಗೆ, ಮಡಿಸಿಟ್ಟ ಅಂಗಿಗಳ ಗುಡ್ಡೆ. ಅವಳ ಅತ್ತೆಯ ಕಾಲದಿಂದ ಇದ್ದ ಜಾಗ. ಹೊಗೆ ಒಳಗೆ ಬರುತ್ತದೆಂದು ಸಲೂನಿನವಳು ನಗರಸಭೆಗೆ ಅರ್ಜಿ ಬರೆದಳು. ಹೊಸ ಮನೆಗಳವರು ಸಹಿ ಹಾಕಿದರು. ಒಂದು ಬೆಳಗ್ಗೆ ನಗರಸಭೆಯ ಆಳುಗಳು ಗಾಡಿಯನ್ನು ಎಳೆದುಕೊಂಡು ಹೋಗಿ ಬೀದಿಯ ತುದಿಯ ಚರಂಡಿ ಪಕ್ಕಕ್ಕೆ ಬಿಟ್ಟರು. ಇಸ್ತ್ರಿಯವಳು ಕೂಗಾಡಲಿಲ್ಲ. ನೀರು ಹಿಡಿಯಲು ಸಲೂನಿನ ಹಿತ್ತಿಲಲ್ಲಿ ಇಟ್ಟಿದ್ದ ತನ್ನ ತಂಬಿಗೆ ತೆಗೆದುಕೊಂಡು ಹೋದಳು, ಅಷ್ಟೆ. ಅವತ್ತಿನಿಂದ ಕಿಟಕಿಯಲ್ಲಿದ್ದ ಪೊಟ್ಟಣ ಕಾಣಲಿಲ್ಲ. ಗಾಳಿಗೆ ಬಿದ್ದಿರಬೇಕು ಅಂದುಕೊಂಡಳು ತಾಯಿ.

ಮೂರನೆಯ ದಿನ ಪುಟ್ಟಿ ಊಟದ ತಟ್ಟೆ ದೂಡಿದಳು. "ಅಮ್ಮಾ, ಬಾಯಲ್ಲಿ ಕೂದಲು."

ತಾಯಿ ಬೆರಳು ಹಾಕಿ ಎಳೆದಳು. ಒಂದು ಎಳೆ. ಎಳೆದಷ್ಟೂ ಬಂತು. ಗೇಣುದ್ದ. ಮೊಳದುದ್ದ. ಬಿಸಿಯಾಗಿತ್ತು. ತುದಿಯಲ್ಲಿ ಸುಟ್ಟ ವಾಸನೆ.

ಮರುದಿನ ಎರಡು ಎಳೆ. ಅದರ ಮರುದಿನ ಒಂದು ಉಂಡೆ. ವೈದ್ಯರು ಗಂಟಲಿಗೆ ದೀಪ ಬಿಟ್ಟು ನೋಡಿ, ಮಗು ಕೂದಲು ತಿನ್ನುತ್ತದೆ, ಗಮನ ಇಡಿ ಎಂದರು. ತಾಯಿ ಮಗಳ ಎರಡೂ ಕೈ ಹಿಡಿದುಕೊಂಡು ಪಕ್ಕದಲ್ಲೇ ಮಲಗಿದಳು. ಆದರೂ ಬೆಳಗ್ಗೆ ದಿಂಬಿನ ಮೇಲೆ ಒದ್ದೆ ಕಪ್ಪು ಕೂದಲು ಹಾವಿನಂತೆ ಸುರುಳಿ ಸುತ್ತಿ ಬಿದ್ದಿತ್ತು. ಮನೆ ತುಂಬ ಕಮಟು. ನಲ್ಲಿಯ ನೀರಿಗೆ ಕಮಟು, ಒಗೆದ ಬಟ್ಟೆಗೆ ಕಮಟು. ಕಿಟಕಿಗಳನ್ನೆಲ್ಲ ತೆರೆದಿಟ್ಟರೂ ಕೋಣೆಯ ಮೂಲೆಗಳಲ್ಲಿ ಹಗಲೇ ಮಸಿ ಕಟ್ಟಿದಂಥ ಕತ್ತಲೆ ಕೂತಿತ್ತು.

ಆ ಕಮಟು ಯಾವುದೆಂದು ಅವಳಿಗೆ ತಟ್ಟನೆ ನೆನಪಾಯಿತು. ಕೆಂಡದ ಪೆಟ್ಟಿಗೆಯದು. ಚರಂಡಿಯ ತುದಿಗೆ ಓಡಿದಳು.

ಇಸ್ತ್ರಿಯವಳು ತಲೆ ಎತ್ತದೆ ಅಂಗಿಯ ತೋಳು ಒತ್ತುತ್ತಿದ್ದಳು. "ಬನ್ನಿ ಮೇಡಂ. ನನ್ನ ಹೊಗೆ ನಿಮ್ಮ ಮನೆಗೆ ಬರುತ್ತೆ ಅಂತಿದ್ರಲ್ಲ. ಈಗ ಬರ್ತಿದೆಯಾ?"

"ಮಗು ಕಣೇ ಅದು! ಏನೂ ಅರಿಯದ ಮಗು!"

"ನನ್ನವೂ ಮಕ್ಕಳೇ. ಗಾಡಿ ಎಳೆದಾಗ ಎರಡೂ ಗಾಡಿಯ ಕೆಳಗೇ ಮಲಗಿದ್ವು."

"ಕಾಲು ಹಿಡ್ಕೋತೀನಿ. ನಿಲ್ಲಿಸು."

ಇಸ್ತ್ರಿಯವಳು ಪೆಟ್ಟಿಗೆಯ ಮುಚ್ಚಳ ತೆಗೆದಳು. ಒಳಗೆ ಕೆಂಡ ಉಸಿರಾಡಿತು. "ಆ ಪೊಟ್ಟಣದಿಂದ ದಿನಕ್ಕೊಂದು ಎಳೆ ಹಾಕ್ತಿದ್ದೆ. ಇವತ್ತು ಉಳಿದಿದ್ದನ್ನೆಲ್ಲ ಸುರಿದುಬಿಟ್ಟೆ. ಇನ್ನು ನಿಲ್ಲಿಸೋದು ನನ್ನ ಕೈಲೂ ಇಲ್ಲ."

ತಾಯಿ ಓಡಿದಳು. ಅಲ್ಲಿಂದ ಹಿಂದಿನ ಓಣಿಗೆ, ಮುದುಕನ ಮನೆ ಬಾಗಿಲಿಗೆ. ಅವನು ಎಲ್ಲ ಕೇಳಿದ. ಹೇಳಿದ್ದೆನಲ್ಲ ಅನ್ನಲಿಲ್ಲ.

"ಕೆಂಡಕ್ಕೆ ಮಗು ಗುರುತು ಸಿಕ್ಕಿದೆ. ಆ ಗುರುತು ಕೆಡಿಸಬೇಕು. ಮಗು ತಲೆ ಬೋಳಿಸಿ ಆ ಕೂದಲಿಗೆ ಬೇರೆಯವರದ್ದು ಕಲಸು. ಆಗ ಅದಕ್ಕೆ ಯಾರನ್ನ ಹಿಡೀಬೇಕು ಅಂತ ತಿಳಿಯಲ್ಲ. ಎಲ್ಲರನ್ನೂ ಒಂದಿಷ್ಟು ಹಿಡಿಯುತ್ತೆ."

"ಅವರಿಗೇನಾಗುತ್ತೆ ಅಜ್ಜಾ?"

"ಪಾಲು ತಗೋತಾರೆ. ಮಗು ಉಸಿರು ಸಲೀಸಾಗೋತನಕ ಕಲಸ್ತಾ ಇರು."

ಪುಟ್ಟಿಯನ್ನು ಸಲೂನಿನ ಒಳಕೋಣೆಯಲ್ಲಿ ಮಲಗಿಸಿದಳು. ತಲೆ ಬೋಳಿಸಿದಳು. ಮೊದಲು ತನ್ನ ಜಡೆಯನ್ನೇ ಬುಡಕ್ಕೆ ಕತ್ತರಿಸಿ ಕಲಸಿದಳು. ಕೂಡಲೇ ಗಂಟಲಲ್ಲಿ ಏನೋ ಬಿಸಿಯಾಗಿ ಹೊರಳಿತು. ಇದೇ ಇರಬೇಕು. ಇದನ್ನೇ ಮಗು ಇಷ್ಟು ದಿನದಿಂದ ನುಂಗುತ್ತಿತ್ತು. ಆದರೂ ಪುಟ್ಟಿಯ ತುಟಿ ನೀಲಿಯೇ ಇತ್ತು. ಉಸಿರು ಕೀರಲು.

ಬಾಗಿಲಿಗೆ ಬೋರ್ಡು ಹಾಕಿದಳು: ಇವತ್ತು ಎಲ್ಲರಿಗೂ ಪುಕ್ಕಟೆ.

ಹಳಬರು ಕಟ್ಟೆಯ ಮೇಲಿಂದ ನೋಡಿದರು. ಒಬ್ಬರೂ ಎದ್ದು ಬರಲಿಲ್ಲ. ಹೊಸಬರು ಬಂದರು. ಕಾಫಿ ಅಂಗಡಿಯವನು, ಮೇಣದ ಬತ್ತಿಯವಳು, ಮೇಲಿನ ಮನೆಯ ಗಂಡ ಹೆಂಡತಿ.

"ಏನು ವಿಶೇಷ? ನಿಮ್ಮ ಜಡೆ ಎಲ್ಲಿ?" ಎಂದು ಕೇಳಿದ ಕಾಫಿಯವನು.

"ಸುಮ್ನೆ. ಬೇಸಿಗೆ ಅಲ್ವಾ."

"ಪೊಟ್ಟಣ ಕೊಡಲ್ವಾ ಇವತ್ತು?"

"ಇಲ್ಲ."

ಕತ್ತರಿ ಆಡಿತು. ಗುಡಿಸಿದಳು. ಕಲಸಿದಳು. ಒಬ್ಬೊಬ್ಬರೂ ಕುರ್ಚಿಯಿಂದ ಏಳುವಾಗ ಗಂಟಲು ಮುಟ್ಟಿಕೊಂಡರು. ಖ್ಹ್ ಎಂದರು. ಧೂಳಿರಬೇಕು ಎಂದರು. ಹೋದರು. ಒಳಗೆ ಕೀರಲು ಇಳಿಯಿತು. ಮತ್ತೆ ಇಳಿಯಿತು. ಪೂರ್ತಿ ನಿಲ್ಲಲಿಲ್ಲ. ಇನ್ನೊಂದು ತಲೆ ಬೇಕು. ಇನ್ನೊಂದೇ ಒಂದು. ಬೀದಿ ಖಾಲಿ. ಮಧ್ಯಾಹ್ನದ ಬಿಸಿಲು. ಯಾರೂ ಇಲ್ಲ. ಒಳಗೆ ಮಗುವಿನ ಉಸಿರು ಹಿಡಿಯಿತು. ಬಿಟ್ಟಿತು. ಹಿಡಿಯಿತು. ಬಿಡಲಿಲ್ಲ.

ಬಾಗಿಲು ಸರಿಯಿತು. ಎದುರು ಮನೆಯ ಬಾಣಂತಿ, ಹೆಗಲ ಮೇಲೆ ಐದು ತಿಂಗಳ ಕೂಸು.

"ನಂದು ಬೇಡಕ್ಕಾ, ನಿನ್ನೆಯಷ್ಟೇ ಕತ್ತರಿಸ್ಕೊಂಡೆ. ಇವನದ್ದು ಕಣ್ಣಿಗೆ ಬೀಳ್ತಿದೆ ನೋಡಿ. ಮುಂದೆ ಒಂಚೂರು ತೆಗೆದುಬಿಡಿ ಸಾಕು."

ಕೂಸು ಕತ್ತರಿಯ ಹೊಳಪು ನೋಡಿ ಬೊಚ್ಚುಬಾಯಿ ತೆರೆದು ನಕ್ಕಿತು.

ಅವಳು ಬೇಡ, ಹೋಗಮ್ಮಾ, ಎತ್ತಿಕೊಂಡು ಓಡಿಹೋಗು ಅನ್ನಲು ಬಾಯಿ ತೆರೆದಳು. ಒಳಗೆ ಪುಟ್ಟಿಯ ಹಿಮ್ಮಡಿ ಮಂಚಕ್ಕೆ ಬಡಿಯಿತು. ಒಮ್ಮೆ. ಎರಡು ಸಲ. ಆಮೇಲೆ ಬಡಿಯಲಿಲ್ಲ.

"ಅಲ್ಲಾಡದ ಹಾಗೆ ಹಿಡ್ಕೊಳಮ್ಮಾ," ಎಂದಳು.

ಹತ್ತಿಯಂಥ ಕೂದಲು. ಒಂದು ಚಿಟಿಕೆಯಷ್ಟು. ರಾಶಿಗೆ ಹಾಕಿ ಕಲಸಿದಳು.

"ಅಮ್ಮಾ," ಎಂದಿತು ಒಳಗಿನಿಂದ ತಿಳಿಯಾದ ದನಿ. "ಅಮ್ಮಾ, ಹಸಿವು."

ಬಾಗಿಲ ಬಳಿ ಬಾಣಂತಿ ಕೂಸಿನ ಬೆನ್ನು ತಟ್ಟುತ್ತಿದ್ದಳು. ಮೆಲ್ಲಗೆ, ಆಮೇಲೆ ಜೋರಾಗಿ. "ಅಯ್ಯೋ, ಏನೋ ಸಿಕ್ಕೊಂಡಿದೆ ಅಕ್ಕಾ ಇವನಿಗೆ! ನೀರು... ಒಂಚೂರು ನೀರು ಕೊಡಿ!"

ಅವಳು ನೀರು ತಂದಳು. ಲೋಟ ಕೊಡುವಾಗ ಆ ತಾಯಿಯ ಮುಖ ನೋಡಲಿಲ್ಲ.